ಎದುರಾಳಿ ಇಲ್ಲದ ಮಸ್ಟ್ಯಾಂಗ್: ಅಮೆರಿಕದ ಮಸಲ್ ಕಾರುಗಳ ಜಿದ್ದು ಬೀದಿಯಲ್ಲಿ ರೂಪ ಬದಲಿಸಿದ್ದು ಹೇಗೆ?

ಅಮೆರಿಕದ ಕಾರು ಉದ್ಯಮದಿಂದ ಈಚೆಗೆ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. 2023ರ ಡಿಸೆಂಬರಿನಲ್ಲಿ, ಫೋರ್ಡ್ ಕಂಪನಿಯ ಮಸ್ಟ್ಯಾಂಗ್‌ಗೆ ಎದುರಾಳಿಯಾಗಿದ್ದ ಡಾಡ್ಜ್ ಕಂಪನಿಯ ಚಾಲೆಂಜರ್ ಕಾರಿನ ತಯಾರಿಕೆ ನಿಂತಿತು. ಅದೇ ತಿಂಗಳು ಇನ್ನೊಂದು ಎದುರಾಳಿಯಾದ ಷೆವ್ರೊಲೆಯ ಕಮಾರೊ ಕೂಡ ನಿಂತಿತು. ತನ್ನ ಕಾರುಗಳಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್‌ಗೆ ವಿದಾಯ ಹೇಳಿದ ಡಾಡ್ಜ್, ಚಾರ್ಜರ್ ಡೇಟೋನಾ ಎಂಬ ವಿದ್ಯುತ್ ಮಸಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದು ಬಂದು ವರ್ಷ ತುಂಬುವ ಮೊದಲೇ ಅದರ ಕಡಿಮೆ ಬೆಲೆಯ ಮಾದರಿಯನ್ನು 2026ರ ಪಟ್ಟಿಯಿಂದ ಕೈಬಿಟ್ಟು, ಆರು ಸಿಲಿಂಡರಿನ ಪೆಟ್ರೋಲ್ ಚಾರ್ಜರನ್ನು ಮುಂದಕ್ಕೆ ತಂದು ನಿಲ್ಲಿಸಿತು. 2025ರ ಜೂನ್‌ನಲ್ಲಿ ಅದೇ ಸ್ಟೆಲಾಂಟಿಸ್ ಸಮೂಹಕ್ಕೆ ಸೇರಿದ ರಾಮ್, ಒಮ್ಮೆ ಕೈಬಿಟ್ಟಿದ್ದ ಹೆಮಿ ವಿ8 ಎಂಜಿನ್ ತನ್ನ ಪಿಕಪ್ ಟ್ರಕ್ಕಿಗೆ ಮರಳಲಿದೆ ಎಂದು ಘೋಷಿಸಿತು. ಇದೇ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇಂಥ ಕಾರುಗಳಲ್ಲಿ ಬೀದಿಯಲ್ಲೇ ರೇಸ್, ಕಸರತ್ತು ನಡೆಸುವುದನ್ನು ತಡೆಯಲು ಕಾನೂನುಗಳನ್ನು ಒಂದಾದ ಮೇಲೊಂದರಂತೆ ಬಿಗಿಗೊಳಿಸುತ್ತಿದ್ದವು.

ಕಂಪನಿಗಳು ಹಿಂದಕ್ಕೂ ಮುಂದಕ್ಕೂ ಓಲಾಡುತ್ತಿರುವುದು ಒಂದು ಸುದ್ದಿ, ಬೀದಿಯಲ್ಲಿ ಪೊಲೀಸರು ಕಾರು ಜಪ್ತಿ ಮಾಡುತ್ತಿರುವುದು ಇನ್ನೊಂದು ಸುದ್ದಿ ಎಂದು ಸಾಮಾನ್ಯವಾಗಿ ಇವನ್ನು ಬೇರೆಬೇರೆಯಾಗಿ ವರದಿ ಮಾಡಲಾಗುತ್ತದೆ. ವಾಸ್ತವದಲ್ಲಿ ಎರಡಕ್ಕೂ ಬೇರು ಒಂದೇ. ಮಸಲ್ ಕಾರಿನ ಮೇಲಿನ ನಿಷ್ಠೆ ಆ ಕಾರಿನ ಗುಣದಿಂದ ಹುಟ್ಟಿದ್ದಲ್ಲ, ಎದುರಿಗೆ ನಿಂತ ಇನ್ನೊಂದು ಕಂಪನಿಯ ಕಾರಿನಿಂದ ಹುಟ್ಟಿದ್ದು. ಎದುರಾಳಿ ಸರಿದುಹೋದಾಗ ಆ ನಿಷ್ಠೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಕಂಪನಿಗಳ ಬಳಿಯೂ ಉತ್ತರವಿಲ್ಲ, ಪೊಲೀಸರ ಬಳಿಯೂ ಇಲ್ಲ.

ಒಬ್ಬರನ್ನು ನೋಡಿ ಇನ್ನೊಬ್ಬರು

ಮಸಲ್ ಕಾರಿನ ಸೂತ್ರ ಸರಳವಾದದ್ದು. ಮಧ್ಯಮ ಗಾತ್ರದ, ತೀರಾ ದುಬಾರಿಯಲ್ಲದ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ, ಅದರ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಕೊಡುವುದು. ಬ್ರೇಕು, ತಿರುವಿನಲ್ಲಿ ಸಿಗುವ ಹಿಡಿತ ಇವೆಲ್ಲ ನಂತರದ ಮಾತು. ನೇರ ರಸ್ತೆಯಲ್ಲಿ ನಿಂತಲ್ಲಿಂದ ಚಿಮ್ಮುವುದೇ ಮುಖ್ಯ. ಈ ಸೂತ್ರವನ್ನು ಜನಪ್ರಿಯಗೊಳಿಸಿದ 1964ರ ಪಾಂಟಿಯಾಕ್ ಜಿಟಿಒ ಹುಟ್ಟಿದ್ದೇ ನಿಯಮವೊಂದನ್ನು ತಪ್ಪಿಸಿಕೊಂಡು. ಪಾಂಟಿಯಾಕ್‌ನ ಒಡೆತನವಿದ್ದ ಜನರಲ್ ಮೋಟಾರ್ಸ್ 1963ರಲ್ಲಿ ರೇಸಿಂಗ್‌ನಿಂದ ಅಧಿಕೃತವಾಗಿ ಹಿಂದೆ ಸರಿದಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಆಂತರಿಕ ನಿಯಮವೂ ಅಲ್ಲಿತ್ತು. ಪಾಂಟಿಯಾಕ್‌ನಲ್ಲಿದ್ದ ಜಾನ್ ಡೆಲೋರಿಯನ್ ಅವರ ಎಂಜಿನಿಯರುಗಳ ತಂಡ 389 ಘನ ಇಂಚಿನ ಎಂಜಿನ್ ಇರುವ ಹೊಸ ಕಾರೊಂದನ್ನು ಮಾಡುತ್ತಿದ್ದೇವೆ ಎನ್ನದೆ, ಹಳೆಯ ಟೆಂಪೆಸ್ಟ್ ಕಾರಿಗೆ ಬೇಕಾದವರು ಹೆಚ್ಚುವರಿ ಹಣ ಕೊಟ್ಟು ಪಡೆಯಬಹುದಾದ ಸೌಲಭ್ಯ ಎಂದು ಅದನ್ನು ತೋರಿಸಿತು. 5,000 ಕಾರು ಮಾರಿದರೆ ಸಾಕು ಎಂದುಕೊಂಡಿದ್ದ ಕಂಪನಿ ಮೊದಲ ವರ್ಷದಲ್ಲೇ 32,000ಕ್ಕೂ ಹೆಚ್ಚು ಮಾರಿತು.

ಅದೇ ವರ್ಷದ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಫೋರ್ಡ್ ತನ್ನ ಮಸ್ಟ್ಯಾಂಗನ್ನು ಅನಾವರಣಗೊಳಿಸಿತು. ಎರಡು ವರ್ಷದೊಳಗೆ ಹತ್ತು ಲಕ್ಷ ಮಸ್ಟ್ಯಾಂಗ್‌ಗಳು ತಯಾರಾದವು. ಇದಕ್ಕೆ ಉತ್ತರವಾಗಿ ಜನರಲ್ ಮೋಟಾರ್ಸ್ 1966ರಲ್ಲಿ ತನ್ನ ಷೆವ್ರೊಲೆ ಬ್ರ್ಯಾಂಡಿನಲ್ಲಿ ಕಮಾರೊ ತಂದಿತು. ಕಮಾರೊ ಎಂದರೇನು ಎಂದು ಕೇಳಿದ ಪತ್ರಕರ್ತರಿಗೆ ಷೆವ್ರೊಲೆಯವರು, ಮಸ್ಟ್ಯಾಂಗ್‌ಗಳನ್ನು ತಿಂದುಹಾಕುವ ಒಂದು ಸಣ್ಣ ಕ್ರೂರ ಪ್ರಾಣಿ ಎಂದು ಉತ್ತರಿಸಿದ್ದರು. ತಮಾಷೆಯ ಮಾತಾದರೂ ಇದು ಉದ್ಯಮದ ಒಳಗುಟ್ಟನ್ನು ಬಿಟ್ಟುಕೊಟ್ಟಿತು. ಮಸ್ಟ್ಯಾಂಗ್ ಇಲ್ಲದಿದ್ದರೆ ಕಮಾರೊಗೆ ಅಸ್ತಿತ್ವವಿಲ್ಲ, ತನ್ನದೇ ಆದ ವಿವರಣೆಯೂ ಇಲ್ಲ. 1970ರ ಮಾದರಿಯಾಗಿ ಡಾಡ್ಜ್ ಚಾಲೆಂಜರ್ ಬಂದಾಗ ಅದಕ್ಕೂ ಇದೇ ಮಾತು ಅನ್ವಯಿಸಿತು. ಆ ಕಾರಿನ ಹೆಸರೇ ಸವಾಲು ಹಾಕುವವನು.

ವುಡ್‌ವರ್ಡ್ ರಸ್ತೆಯ ವ್ಯವಸ್ಥೆ

ಈ ಜಿದ್ದು ಜಾಹೀರಾತಿನಲ್ಲಷ್ಟೇ ಇದ್ದಿದ್ದರೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಅದು ಬೇರು ಬಿಟ್ಟದ್ದು ಡೆಟ್ರಾಯಿಟ್ ನಗರದಿಂದ ವಾಯವ್ಯಕ್ಕೆ ಪಾಂಟಿಯಾಕ್ ಪಟ್ಟಣದತ್ತ ಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ. 1909ರಲ್ಲಿ ಈ ರಸ್ತೆಯ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ದು ಅಮೆರಿಕದ ರಸ್ತೆ ಚರಿತ್ರೆಯ ಮೈಲಿಗಲ್ಲು. 1960ರ ದಶಕಕ್ಕೆ ಬರುವ ಹೊತ್ತಿಗೆ ನಗರದ ಅಂಚಿನಿಂದಾಚೆಗೆ ಅದು ಅಗಲವಾದ, ಬಹುತೇಕ ನೇರವಾದ, ನಡುವೆ ಹುಲ್ಲಿನ ವಿಭಜಕವಿರುವ ರಸ್ತೆಯಾಗಿತ್ತು. ಅಲ್ಲಲ್ಲಿ ಸಿಗ್ನಲ್‌ಗಳು, ಪಕ್ಕದಲ್ಲಿ ಕಾರಿನಲ್ಲಿ ಕುಳಿತೇ ತಿನ್ನಬಹುದಾದ ಡ್ರೈವ್-ಇನ್ ಹೋಟೆಲುಗಳು. ಸಂಜೆಯಾದರೆ ಹದಿಹರೆಯದವರು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಕಾರು ಓಡಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ಬೇರೆ ಕಂಪನಿಯ ಕಾರು ನಿಂತರೆ ಒಂದು ನೋಟ, ಒಂದು ತಲೆಯಾಡಿಸುವಿಕೆ, ಹಸಿರು ದೀಪ, ಮುಂದಿನ ಸಿಗ್ನಲ್‌ವರೆಗೆ ಓಟ.

ಈ ಓಟದಲ್ಲಿದ್ದವರು ಹುಡುಗರು ಮಾತ್ರವಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಫೋರ್ಡ್, ಜನರಲ್ ಮೋಟಾರ್ಸ್, ಡಾಡ್ಜ್ ಮತ್ತು ಪ್ಲಿಮತ್‌ಗಳ ಒಡೆತನವಿದ್ದ ಕ್ರೈಸ್ಲರ್, ಈ ಮೂರೂ ಕಂಪನಿಗಳ ಎಂಜಿನಿಯರುಗಳಲ್ಲಿ ಅನೇಕರು ಈ ರಸ್ತೆಯ ಆಸುಪಾಸಿನ ಬರ್ಮಿಂಗ್‌ಹ್ಯಾಮ್, ಬ್ಲೂಮ್‌ಫೀಲ್ಡ್ ಹಿಲ್ಸ್ ಪಟ್ಟಣಗಳಲ್ಲಿ ವಾಸವಾಗಿದ್ದರು. ಇನ್ನೂ ಮಾರಾಟಕ್ಕೆ ಬಾರದ ಎಂಜಿನ್‌ಗಳನ್ನು ಇದೇ ರಸ್ತೆಯಲ್ಲಿ ಪರೀಕ್ಷಿಸುತ್ತಿದ್ದರು. ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಎಂಬ ಡೀಲರ್ ಜಿಟಿಒ ಕಾರುಗಳ ಎಂಜಿನ್ ಹದಗೊಳಿಸಿ ಬಾಬ್‌ಕ್ಯಾಟ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ. ಪೆನ್ಸಿಲ್ವೇನಿಯಾದ ಯೆಂಕೊ, ಷಿಕಾಗೊದ ಗ್ರ್ಯಾಂಡ್ ಸ್ಪಾಲ್ಡಿಂಗ್ ಡಾಡ್ಜ್ ಮುಂತಾದ ಡೀಲರುಗಳೂ ಇದೇ ದಾರಿ ಹಿಡಿದರು. 1969ರಲ್ಲಿ ಕಂಪನಿಯ ಸಾಮಾನ್ಯ ಪಟ್ಟಿಯಲ್ಲಿ ಇಲ್ಲದ ಅಲ್ಯೂಮಿನಿಯಂ ಎಂಜಿನ್ನಿನ 69 ಕಮಾರೊ ಕಾರುಗಳು ವಿಶೇಷ ಆರ್ಡರಿನ ಮೂಲಕ ಹೊರಬಂದದ್ದು ಇಂಥ ಡೀಲರುಗಳ ಒತ್ತಡದಿಂದಲೇ.

ಅಂದರೆ ರಸ್ತೆಯಲ್ಲಿ ಗೆದ್ದವನ ಸುದ್ದಿ ಮರುದಿನ ಡೀಲರನ ಅಂಗಡಿಗೆ, ಅಲ್ಲಿಂದ ಎಂಜಿನಿಯರನ ಮೇಜಿಗೆ ತಲುಪುತ್ತಿತ್ತು. ಸೋತ ಬಣ ಇನ್ನೂ ದೊಡ್ಡ ಎಂಜಿನ್ ತರುತ್ತಿತ್ತು. ಬೆಲೆಯೂ ಕೈಗೆಟುಕುವಂತಿತ್ತು: 1968ರ ಪ್ಲಿಮತ್ ರೋಡ್ ರನ್ನರ್ 3,000 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು, ಕಾರ್ಖಾನೆಯಲ್ಲಿ ದುಡಿಯುವ ಇಪ್ಪತ್ತು ವರ್ಷದ ಯುವಕ ಸಾಲ ಮಾಡಿ ಕೊಳ್ಳಬಹುದಿತ್ತು. ಆ ಯುವಕನ ನಿಷ್ಠೆ ಬಹುಮಟ್ಟಿಗೆ ಅವನು ಹುಟ್ಟಿದ ಊರಿನಲ್ಲೇ ನಿರ್ಧಾರವಾಗಿರುತ್ತಿತ್ತು. ಡಿಯರ್‌ಬಾರ್ನ್ ಎಂದರೆ ಫೋರ್ಡ್, ಫ್ಲಿಂಟ್ ಎಂದರೆ ಜನರಲ್ ಮೋಟಾರ್ಸ್, ಹ್ಯಾಮ್‌ಟ್ರಾಮಿಕ್ ಎಂದರೆ ಡಾಡ್ಜ್. ಅಪ್ಪ ಯಾವ ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಿದ್ದನೋ ಮಗ ಆ ಕಾರಿನ ಪರ. ಊರು, ಉದ್ಯೋಗ, ರಸ್ತೆ, ಡೀಲರ್, ಬೆಲೆ ಇವೈದೂ ಸೇರಿ ಕಟ್ಟಿದ ನಿಷ್ಠೆ ಅದು. ಕಾರಿನ ಮೇಲಿದ್ದ ಲಾಂಛನ ಆ ಐದರ ಗುರುತು ಮಾತ್ರ.

ಮೊದಲ ಕುಸಿತ

1970ರ ಹೊತ್ತಿಗೆ ವಿಮಾ ಕಂಪನಿಗಳು ಇಂಥ ಕಾರುಗಳ ಮೇಲೆ, ಅದರಲ್ಲೂ ಮಾಲೀಕ ಇಪ್ಪತ್ತೈದರ ಕೆಳಗಿನವನಾಗಿದ್ದರೆ, ಭಾರಿ ಹೆಚ್ಚುವರಿ ಕಂತು ಹೇರತೊಡಗಿದವು. ಅಧಿಕೃತ ಅಶ್ವಶಕ್ತಿಯನ್ನು ಬೇಕೆಂದೇ ಕಡಿಮೆ ಬರೆದು ಕಂಪನಿಗಳು ಕೆಲಕಾಲ ಇದರಿಂದ ಪಾರಾಗಲು ನೋಡಿದವು. 1970ರ ಶುದ್ಧ ಗಾಳಿ ಕಾಯ್ದೆ, ಸೀಸರಹಿತ ಪೆಟ್ರೋಲ್, 1973ರ ತೈಲ ನಿರ್ಬಂಧ ಉಳಿದ ಕೆಲಸ ಮುಗಿಸಿದವು. 1974ರ ಚಾಲೆಂಜರ್ ಆ ಪೀಳಿಗೆಯ ಕೊನೆಯದಾಯಿತು. ತೈಲವೇ ಈ ಕಾರುಗಳನ್ನು ಕೊಂದಿತು ಎಂದು ಈಗಲೂ ಬರೆಯುವವರಿದ್ದಾರೆ. ಆದರೆ ತೈಲ ನಿರ್ಬಂಧ ಬರುವ ಹೊತ್ತಿಗಾಗಲೇ ವಿಮೆಯ ಚೀಟಿ ಯುವಕರನ್ನು ಶೋರೂಮಿನಿಂದ ಹೊರಗಟ್ಟಿಯಾಗಿತ್ತು.

ಎರಡನೇ ಹುಟ್ಟು, ಬೇರೆ ಖರೀದಿದಾರ

ಕಮಾರೊ 2002ರಲ್ಲಿ ಒಮ್ಮೆ ನಿಂತಿತ್ತು. ಆಮೇಲಿನ ಏಳು ವರ್ಷ ಮಸ್ಟ್ಯಾಂಗ್‌ಗೆ ಹಳೆಯ ಶತ್ರುವೇ ಇರಲಿಲ್ಲ. ಹಾಗಿದ್ದರೂ 1960ರ ದಶಕದ ರೂಪವನ್ನು ನೆನಪಿಸುವ ಹೊಸ ವಿನ್ಯಾಸದೊಂದಿಗೆ ಬಂದ ಮಸ್ಟ್ಯಾಂಗ್ 2005ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಎದುರಾಳಿ ಇಲ್ಲದೆ ನಿಷ್ಠೆ ಇಲ್ಲ ಎಂಬ ವಾದಕ್ಕೆ ಇದು ಮೇಲ್ನೋಟಕ್ಕೆ ವಿರುದ್ಧ ಸಾಕ್ಷಿ. ಆದರೆ ಮಾರಾಟವೇ ಬೇರೆ, ಜಿದ್ದೇ ಬೇರೆ. ಆ ಮಸ್ಟ್ಯಾಂಗ್‌ಗಳನ್ನು ಕೊಂಡವರಲ್ಲಿ ಯೌವನದ ನೆನಪಿಗಾಗಿ ಕೊಂಡ ಹಿರಿಯರು ಬಹಳ. ಬೀದಿಯ ಯುವಕರು ಆ ಹೊತ್ತಿಗೆ ಹೋಂಡಾ ಸಿವಿಕ್, ಟೊಯೊಟಾ ಸುಪ್ರಾ, ನಿಸ್ಸಾನ್‌ಗಳಂಥ ಜಪಾನೀ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಮುಳುಗಿದ್ದರು. ಜಿದ್ದು ನಿಂತಿರಲಿಲ್ಲ, ಬೇರೆ ಬಣಗಳಿಗೆ ಹೋಗಿತ್ತು.

2008ರಲ್ಲಿ ಚಾಲೆಂಜರ್, 2009ರಲ್ಲಿ ಕಮಾರೊ ಮರಳಿದಾಗ ಮೂವರೂ ಮತ್ತೆ ಎದುರುಬದುರಾದರು. ಈ ಸಲದ ಸ್ಪರ್ಧೆ ವಿಚಿತ್ರವಾಗಿತ್ತು. ಹೊಸ ಕಮಾರೊದ ತಳಹದಿ ಜನರಲ್ ಮೋಟಾರ್ಸ್‌ನ ಆಸ್ಟ್ರೇಲಿಯಾ ಶಾಖೆಯಾದ ಹೋಲ್ಡನ್ ರೂಪಿಸಿದ್ದು. ಮೊದಲ ಕೆಲವು ವರ್ಷ ಅದು ತಯಾರಾದದ್ದು ಕೆನಡಾದ ಓಶಾವಾದಲ್ಲಿ. ಚಾಲೆಂಜರ್ ಕೂಡ ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ತಯಾರಾಗುತ್ತಿತ್ತು, ಅದರ ಸಸ್ಪೆನ್ಷನ್ನಿನ ಮೂಲ ಮರ್ಸಿಡಿಸ್‌ನದು. ಅಪ್ಪಟ ಅಮೆರಿಕನ್ ಎಂದು ಅಭಿಮಾನಿಗಳು ಎದೆತಟ್ಟಿ ಹೇಳಿಕೊಳ್ಳುತ್ತಿದ್ದ ಕಾರುಗಳ ಜಾತಕ ಹೀಗಿತ್ತು. ಇದರಿಂದ ಯಾರ ನಿಷ್ಠೆಯೂ ಅಲುಗಲಿಲ್ಲ, ಏಕೆಂದರೆ ಕಾರು ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಅದು ಯಾರ ವಿರುದ್ಧ ನಿಂತಿದೆ ಎಂಬುದೇ ಅಭಿಮಾನಿಗೆ ಮುಖ್ಯವಾಗಿತ್ತು.

2015ರ ಮಾದರಿಯಲ್ಲಿ ಡಾಡ್ಜ್ ತನ್ನ ಚಾಲೆಂಜರ್, ಚಾರ್ಜರ್‌ಗಳಿಗೆ 707 ಅಶ್ವಶಕ್ತಿಯ ಹೆಲ್‌ಕ್ಯಾಟ್ ರೂಪ ತಂದಾಗ ಸ್ಪರ್ಧೆ ಹುಚ್ಚು ಮಟ್ಟಕ್ಕೇರಿತು. ಈ ಕಾರಿಗೆ ಎರಡು ಕೀಲಿ: ಕಪ್ಪು ಕೀಲಿಯಲ್ಲಿ ಶಕ್ತಿ ಮಿತವಾಗಿರುತ್ತದೆ, ಕೆಂಪು ಕೀಲಿಯಲ್ಲಿ ಪೂರ್ತಿ ಸಿಗುತ್ತದೆ. ಚಾಲೆಂಜರ್‌ನದೇ ಇನ್ನೂ ಬಲಿಷ್ಠ ರೂಪವಾದ 2018ರ ಡೀಮನ್ ಕಾಲು ಮೈಲಿಯನ್ನು 9.65 ಸೆಕೆಂಡಿನಲ್ಲಿ ಮುಗಿಸುತ್ತದೆ ಎಂಬ ಕಾರಣಕ್ಕೆ, ಒಳಗೆ ರಕ್ಷಣಾ ಪಂಜರವಿಲ್ಲದ ಅದನ್ನು ರಾಷ್ಟ್ರೀಯ ಹಾಟ್ ರಾಡ್ ಸಂಘ ನೇರ ಓಟದ ತನ್ನ ಡ್ರ್ಯಾಗ್ ಟ್ರ್ಯಾಕುಗಳಿಂದಲೇ ದೂರವಿಟ್ಟಿತು. ರೇಸಿಗೆ ಅಪಾಯಕಾರಿ ಎಂದಾದ ಕಾರು ಊರಿನ ರಸ್ತೆಗೆ ಕಾನೂನುಬದ್ಧವಾಗಿತ್ತು! ಈ ವಿರೋಧಾಭಾಸವನ್ನೇ ಕಂಪನಿ ಜಾಹೀರಾತು ಮಾಡಿಕೊಂಡಿತು. 2021ರಲ್ಲಿ ಚಾಲೆಂಜರ್ 54,000ಕ್ಕೂ ಹೆಚ್ಚು ಮಾರಾಟವಾಗಿ, 52,000 ದಾಟಿದ್ದ ಮಸ್ಟ್ಯಾಂಗನ್ನು ಹಿಂದಿಕ್ಕಿತು. ಹದಿಮೂರು ವರ್ಷ ಹಳೆಯ ತಳಹದಿಯ ಕಾರಿಗೆ ಇದು ದೊಡ್ಡ ಗೆಲುವೇ ಸರಿ.

ವೇಗ ಅಗ್ಗವಾದಾಗ

ಇದೇ ಹೊತ್ತಿಗೆ ಜಿದ್ದಿನ ಅಳತೆಗೋಲೇ ಮುರಿದುಬಿತ್ತು. ಮೂರು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ 60 ಮೈಲಿ ವೇಗ ಮುಟ್ಟುವ ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್, ಮಕ್ಕಳನ್ನು ಶಾಲೆಗೆ ಬಿಡುವ ನಾಲ್ಕು ಬಾಗಿಲಿನ ಮನೆ ಕಾರು. ಸದ್ದಿಲ್ಲದೆ ಬಂದು ನಿಂತ ಅಂಥ ಕಾರು ಹಸಿರು ದೀಪ ಬಿದ್ದೊಡನೆ ಮಸ್ಟ್ಯಾಂಗ್ ಜಿಟಿಯನ್ನು ಹಿಂದೆ ಬಿಟ್ಟು ಹೋಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಆಟದಲ್ಲಿ ವೇಗವೇ ಪ್ರಮಾಣವಾಗಿದ್ದರೆ ಮಸಲ್ ಕಾರಿನ ಮಾಲೀಕ ಆಟಕ್ಕಿಳಿಯುವ ಮೊದಲೇ ಸೋತಂತೆ.

ಸೋಲುವ ಆಟವನ್ನು ಯಾರೂ ಆಡುವುದಿಲ್ಲ; ಆಟವನ್ನೇ ಬದಲಿಸುತ್ತಾರೆ. ವೇಗದ ಜಾಗಕ್ಕೆ ವಿದ್ಯುತ್ ಕಾರು ಕೊಡಲಾರದ ಸಂಗತಿಗಳು ಬಂದವು: ಸದ್ದು, ಟೈರಿನ ಹೊಗೆ, ಹಿಂಬದಿ ಜಾರಿಸಿ ತಿರುಗಿಸುವ ಕೈಚಳಕ. ಬೀದಿಯಲ್ಲಿ ಈಗ ಹೆಚ್ಚಾಗಿ ಕಾಣುವ ಸ್ಟ್ರೀಟ್ ಟೇಕೋವರ್ ಎಂಬ ಆಟದ ತಿರುಳು ಇದೇ. ನಾಲ್ಕು ರಸ್ತೆ ಕೂಡುವಲ್ಲಿ ಹತ್ತಾರು ಕಾರುಗಳು ಸಂಚಾರ ತಡೆದು ನಿಲ್ಲುತ್ತವೆ, ನಡುವೆ ಒಂದು ಚಾಲೆಂಜರ್ ಇಲ್ಲವೇ ಹಳೆಯ ಪೆಟ್ರೋಲ್ ಚಾರ್ಜರ್ ಹೊಗೆಯೆಬ್ಬಿಸುತ್ತ ಸುತ್ತು ಹೊಡೆಯುತ್ತದೆ, ಸುತ್ತ ನಿಂತವರು ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ. ಇದರ ಮೂಲ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಶುರುವಾದ ಸೈಡ್‌ಷೋ. 2020ರ ಲಾಕ್‌ಡೌನಿನಲ್ಲಿ ರಸ್ತೆಗಳು ಖಾಲಿಯಾದಾಗ ಅದು ದೇಶದ ಉದ್ದಗಲಕ್ಕೆ ಹರಡಿತು. ಕೊರೊನಾ ವರ್ಷಗಳಲ್ಲಿ ಅಮೆರಿಕದ ಒಟ್ಟು ರಸ್ತೆ ಸಾವುಗಳೂ ಏರಿದವು. 2021ರಲ್ಲಿ ಆ ಸಂಖ್ಯೆ 42,000 ದಾಟಿತ್ತು. ಅತಿವೇಗ, ಕುಡಿತ, ಸೀಟ್ ಬೆಲ್ಟ್ ಧರಿಸದಿರುವುದು ಇವೆಲ್ಲವೂ ಅದಕ್ಕೆ ಕಾರಣವಾಗಿದ್ದರಿಂದ ಆ ಲೆಕ್ಕವನ್ನು ಬೀದಿ ರೇಸಿನ ತಲೆಗೆ ಕಟ್ಟುವುದು ಸರಿಯಲ್ಲ.

ಡ್ರ್ಯಾಗ್ ರೇಸ್‌ಗೂ ಟೇಕೋವರ್‌ಗೂ ಇರುವ ವ್ಯತ್ಯಾಸ ಇಡೀ ವಿಷಯಕ್ಕೆ ಕೀಲಿಕೈ. ರೇಸಿಗೆ ಎರಡು ಕಾರು ಬೇಕು, ಅವು ಬೇರೆ ಬಣದವಾಗಿದ್ದರೆ ಚೆನ್ನ. ಟೇಕೋವರಿಗೆ ಒಂದು ಕಾರು ಮತ್ತು ಒಂದು ಗುಂಪು ಸಾಕು. ಮೊದಲನೆಯದರಲ್ಲಿ ಸೋಲು ಗೆಲುವನ್ನು ಎದುರಾಳಿ ನಿರ್ಧರಿಸುತ್ತಾನೆ, ಎರಡನೆಯದರಲ್ಲಿ ನೋಡುಗ ನಿರ್ಧರಿಸುತ್ತಾನೆ. ಹೀಗಾಗಿ ಎರಡನೆಯದರಲ್ಲಿ ಫೋರ್ಡ್ ಹೆಚ್ಚೋ ಡಾಡ್ಜ್ ಹೆಚ್ಚೋ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಯಾವ ಗುಂಪಿನವನು, ಯಾವ ಬಡಾವಣೆಯವನು, ಯಾರ ವಿಡಿಯೊ ಹೆಚ್ಚು ಜನ ನೋಡಿದರು ಎಂಬುದೇ ಗುರುತಾಗುತ್ತದೆ. ಇಂದು ಚಾರ್ಜರ್ ಓಡಿಸುವವನು ನಾಳೆ ಮಸ್ಟ್ಯಾಂಗ್‌ಗೆ ಹಾರಿದರೆ ಗುಂಪಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅವನ ನಿಷ್ಠೆ ಗುಂಪಿಗೆ. ಕಾರು ಕೈಗೆ ಸಿಕ್ಕ ಸಲಕರಣೆ.

ಕಾರು ಬದಲಾಗುವುದಕ್ಕೆ ಹಣದ ಕಾರಣವೂ ಇದೆ. ವುಡ್‌ವರ್ಡ್ ಕಾಲದ ಯುವಕ ಹೊಸ ಕಾರು ಕೊಳ್ಳುತ್ತಿದ್ದ. ಇಂದು ಮಸ್ಟ್ಯಾಂಗಿನ ಆರಂಭದ ಮಾದರಿಯೇ 30,000 ಡಾಲರಿಗಿಂತ ಹೆಚ್ಚು, ಅದರಲ್ಲಿರುವುದು ನಾಲ್ಕು ಸಿಲಿಂಡರಿನ ಎಂಜಿನ್. ವಿ8 ಬೇಕೆಂದರೆ ಬೆಲೆ ಇನ್ನೂ ಬಹಳ ಮೇಲೆ. ಆದ್ದರಿಂದ ಬೀದಿಯ ಹುಡುಗ ಹಳೆಯ ಕಾರು ಹುಡುಕುತ್ತಾನೆ, ಹಳೆಯದರಲ್ಲಿ ಯಾವುದು ಅಗ್ಗವೋ ಅದನ್ನು ತೆಗೆದುಕೊಳ್ಳುತ್ತಾನೆ. ಒಂದೇ ತಳಹದಿಯಲ್ಲಿ ವರ್ಷಗಟ್ಟಲೆ ತಯಾರಾದ ಚಾಲೆಂಜರ್, ಚಾರ್ಜರ್ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳ, ಬಿಡಿಭಾಗಗಳಿಗೂ ಬರವಿಲ್ಲ. ಅವನು ಡಾಡ್ಜ್ ಪಕ್ಷ ಸೇರಿದ್ದಕ್ಕೆ ಇಷ್ಟೇ ಕಾರಣ.

ಇನ್ನೊಂದು ಮಾರ್ಗ ಕಳ್ಳತನ. ಹೆದ್ದಾರಿ ನಷ್ಟ ದತ್ತಾಂಶ ಸಂಸ್ಥೆಯ 2023ರ ವರದಿಯ ಪ್ರಕಾರ ಚಾರ್ಜರ್ ಹೆಲ್‌ಕ್ಯಾಟ್ ಕಳುವಾಗುವ ಸಾಧ್ಯತೆ ಸರಾಸರಿ ಕಾರಿಗಿಂತ 60 ಪಟ್ಟು ಹೆಚ್ಚು. ಸರಿಯಾದ ಸಂಕೇತ ಒತ್ತದಿದ್ದರೆ ಎಂಜಿನ್ ಮೂರು ಅಶ್ವಶಕ್ತಿಗಿಂತ ಹೆಚ್ಚು ಕೊಡದಂತೆ ತಡೆಯುವ ತಂತ್ರಾಂಶವನ್ನು ಡಾಡ್ಜ್ 2021ರಲ್ಲೇ ತಂದಿದ್ದರೂ ಪರಿಸ್ಥಿತಿ ಹೀಗಿತ್ತು.

ಮುಚ್ಚಿದ ಟ್ರ್ಯಾಕುಗಳು

ಬೀದಿ ರೇಸ್ ತಡೆಯಲು ಅಮೆರಿಕ ಎಪ್ಪತ್ತೈದು ವರ್ಷಗಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿತ್ತು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದ್ದರ ಒಂದು ಮುಖ್ಯ ಉದ್ದೇಶ, ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ನಿಯಮಬದ್ಧ ಟ್ರ್ಯಾಕಿಗೆ ಕರೆದೊಯ್ಯುವುದು. ದಶಕಗಳ ಕಾಲ ಇದು ತಕ್ಕಮಟ್ಟಿಗೆ ಫಲ ಕೊಟ್ಟಿತು. ವಾರಾಂತ್ಯದ ರಾತ್ರಿ ಸ್ವಲ್ಪ ಶುಲ್ಕ ಕೊಟ್ಟರೆ ಯಾರು ಬೇಕಾದರೂ ತಮ್ಮ ಕಾರನ್ನು ಕಾಲು ಮೈಲಿ ಓಡಿಸಿ ಸಮಯದ ಚೀಟಿ ಪಡೆಯಬಹುದಿತ್ತು.

ಊರುಗಳು ಬೆಳೆದು ಟ್ರ್ಯಾಕಿನ ಬೇಲಿಯವರೆಗೆ ಮನೆಗಳು ಬಂದಾಗ ನೆಲದ ಬೆಲೆ ಏರಿತು, ಸದ್ದಿನ ಬಗ್ಗೆ ದೂರುಗಳೂ ಏರಿದವು. ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್ ಟ್ರ್ಯಾಕಿನ ಡ್ರ್ಯಾಗ್ ರೇಸ್ 2018ರಲ್ಲಿ ನಿಂತಿತು. ಜಾರ್ಜಿಯಾದ ಅಟ್ಲಾಂಟಾ ಡ್ರ್ಯಾಗ್‌ವೇ 2021ರಲ್ಲಿ, ಹ್ಯೂಸ್ಟನ್ ಬಳಿಯ ಬೇಟೌನ್ ಟ್ರ್ಯಾಕ್ ಮತ್ತು ಡೆನ್ವರ್ ಬಳಿಯ ಬ್ಯಾಂಡಿಮಿಯರ್ 2023ರಲ್ಲಿ, ಲಾಸ್ ಏಂಜಲೀಸ್ ಬಳಿಯ ಇರ್ವಿಂಡೇಲ್ 2024ರ ಕೊನೆಯಲ್ಲಿ ಮುಚ್ಚಿದವು. ಜಾರ್ಜಿಯಾ ಸರ್ಕಾರ ಬೀದಿ ರೇಸ್ ಮಾಡುವವರಿಗೂ ಸಂಘಟಿಸುವವರಿಗೂ ಶಿಕ್ಷೆ ಹೆಚ್ಚಿಸಿದ ಕಾನೂನಿಗೆ ಸಹಿ ಬಿದ್ದದ್ದೂ 2021ರಲ್ಲೇ. ಒಂದು ಕೈ ಬಾಗಿಲು ಮುಚ್ಚುತ್ತಿದ್ದಾಗ ಇನ್ನೊಂದು ಕೈ ಲಾಠಿ ಎತ್ತಿತ್ತು. ಸರ್ಕಾರ ಬೇಕೆಂದೇ ಹೀಗೆ ಮಾಡಿತು ಎನ್ನುವಂತಿಲ್ಲ, ಟ್ರ್ಯಾಕುಗಳು ಖಾಸಗಿ ಆಸ್ತಿ. ಆದರೆ ಪರಿಣಾಮ ಅದೇ.

ಯಾರ ವಾದ ಏನು

ಪೊಲೀಸರ ವಾದ ನೇರವಾದದ್ದು. ಟೇಕೋವರಿನಲ್ಲಿ ನೂರಾರು ಜನ ಸೇರಿರುತ್ತಾರೆ. ಕಾರಿನ ಚಾಲಕನನ್ನಷ್ಟೇ ಹಿಡಿಯುವ ಹಳೆಯ ಕಾನೂನು ಅಲ್ಲಿ ಸಾಲದು. ಬೆನ್ನಟ್ಟಿದರೆ ಅಮಾಯಕರು ಸಾಯುತ್ತಾರೆ. ಆದ್ದರಿಂದ ಮೊದಲು ಕಾರನ್ನು ಕಸಿದುಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ ನಾಲ್ಕು ಮಸೂದೆಗಳು ಈ ವಾದವನ್ನೇ ಒಪ್ಪಿಕೊಂಡು ಕಾರು ಜಪ್ತಿಯ ಅಧಿಕಾರವನ್ನು ವಿಸ್ತರಿಸಿದವು, ಪಾರ್ಕಿಂಗ್ ಜಾಗಗಳಲ್ಲಿ ನಡೆಯುವ ಆಟವನ್ನೂ ಅದರೊಳಗೆ ತಂದವು. ಸೈಡ್‌ಷೋದಲ್ಲಿ ಸಿಕ್ಕಿಬಿದ್ದವರ ಚಾಲನಾ ಪರವಾನಗಿಯನ್ನು ಮೂರರಿಂದ ಆರು ತಿಂಗಳವರೆಗೆ ಅಮಾನತಿನಲ್ಲಿಡುವ ಅಧಿಕಾರ 2025ರ ಜುಲೈ 1ರಿಂದ ನ್ಯಾಯಾಲಯಗಳಿಗೆ ಬಂತು. ಓಕ್‌ಲ್ಯಾಂಡ್ ಇರುವ ಆಲಮೀಡಾ ಕೌಂಟಿ ಇನ್ನೂ ಮುಂದೆ ಹೋಗಿ, ಇಂಥ ಆಟವನ್ನು 200 ಅಡಿಯೊಳಗೆ ನಿಂತು ಬೇಕೆಂದೇ ನೋಡುವುದನ್ನೇ 2023ರಲ್ಲಿ ಅಪರಾಧವೆಂದು ಸಾರಿತು. ನಮ್ಮ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆಯಲ್ಲಿ ರೇಸ್ ಮಾಡುವವನಿಗೂ ಅದಕ್ಕೆ ಅವಕಾಶ ಕೊಡುವವನಿಗೂ ದಂಡ ವಿಧಿಸುತ್ತದೆ, ನೋಡುಗನನ್ನು ಮುಟ್ಟುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸಿದರೆ ಅಮೆರಿಕದಲ್ಲಿ ಕಾನೂನು ಎಷ್ಟು ದೂರ ಸರಿದಿದೆ ಎಂಬುದು ತಿಳಿಯುತ್ತದೆ.

ಆಲಮೀಡಾ ನಿಯಮದ ವಿರುದ್ಧ ಪತ್ರಕರ್ತರೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಸಾರ್ವಜನಿಕ ರಸ್ತೆಯಲ್ಲಿ ನಡೆಯುವುದನ್ನು ನೋಡಿ ವರದಿ ಮಾಡುವುದೇ ಅಪರಾಧವಾದರೆ ವಾಕ್ ಸ್ವಾತಂತ್ರ್ಯಕ್ಕೆ ಏನರ್ಥ ಎಂಬುದು ಅವರ ವಾದ. ವಾಹನ ಜಪ್ತಿಯ ಬಗ್ಗೆ ಬೇರೆ ಆಕ್ಷೇಪವಿದೆ. ಸಿಕ್ಕಿಬಿದ್ದ ಕಾರು ಹಲವು ಸಲ ತಂದೆಯದೋ ತಾಯಿಯದೋ ಆಗಿರುತ್ತದೆ. ಬಸ್ಸು ರೈಲು ಇಲ್ಲದ ಊರಿನಲ್ಲಿ ತಿಂಗಳು ಕಾರಿಲ್ಲದಿದ್ದರೆ ಕೆಲಸವೇ ಹೋಗಬಹುದು.

ಬಡಾವಣೆಯ ನಿವಾಸಿಗಳಿಗೆ ಈ ಸೂಕ್ಷ್ಮಗಳಲ್ಲಿ ಆಸಕ್ತಿಯಿಲ್ಲ. ಅರ್ಧರಾತ್ರಿ ಆಂಬುಲೆನ್ಸ್ ಸಿಕ್ಕಿಕೊಳ್ಳುವ ಚೌಕದಲ್ಲಿ ಬದುಕುವವರು ಅವರು, ಅವರ ಸಿಟ್ಟು ನ್ಯಾಯವಾದದ್ದೇ. ಹಳೆಯ ಕಾರು ಅಭಿಮಾನಿಗಳ ಸಿಟ್ಟು ಬೇರೆ ಬಗೆಯದು. 1995ರಲ್ಲಿ ಶುರುವಾದ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂಬ ಆಗಸ್ಟ್ ತಿಂಗಳ ಮೆರವಣಿಗೆಗೆ ಸೇರುವ ಈ ಹಿರಿಯರು, ಟೇಕೋವರ್ ಮಾಡುವವರು ತಮ್ಮ ಪರಂಪರೆಗೆ ಮಸಿ ಬಳಿಯುತ್ತಿದ್ದಾರೆ ಎನ್ನುತ್ತಾರೆ. ಇದೇ ರಸ್ತೆಯಲ್ಲಿ ಅರವತ್ತು ವರ್ಷದ ಹಿಂದೆ ಕಾನೂನು ಮುರಿದು ಓಡಿದವರ ಪೀಳಿಗೆಯ ಬಾಯಲ್ಲಿ ಬರುವ ಈ ಮಾತನ್ನು ಕೇಳಿ ನಗದಿರುವುದು ಕಷ್ಟ. ಅಂದು ಸತ್ತವರಿಲ್ಲವೇನು?

ಕಂಪನಿಗಳು ಮಾತ್ರ ಎರಡೂ ಕಡೆ ಮಾತಾಡುತ್ತವೆ. ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಹೆಚ್ಚು ಅಶ್ವಶಕ್ತಿಯ ಅಮೆರಿಕನ್ ಮಸಲ್ ಕಾರುಗಳು ರಸ್ತೆಯ ಮೇಲಿನ ಅತ್ಯಂತ ಮಾರಕ ವಾಹನಗಳ ಸಾಲಿನಲ್ಲಿವೆ ಎಂದು ಹೇಳಿತು. ಜಾಹೀರಾತು ರೂಢಿಸುವ ಭಾವನೆಯೂ ಇದಕ್ಕೆ ಕಾರಣವಿರಬಹುದು ಎಂಬುದು ಅದರ ಅನಿಸಿಕೆ. ಮುಂದಿನ ಚಕ್ರಗಳನ್ನು ಹಿಡಿದಿಟ್ಟು ಹಿಂದಿನ ಟೈರುಗಳನ್ನು ಸುಡಲು ನೆರವಾಗುವ ಲೈನ್ ಲಾಕ್ ಅನ್ನು ಫೋರ್ಡ್ ಸುಮಾರು ಹತ್ತು ವರ್ಷದಿಂದ ಕಾರ್ಖಾನೆಯಲ್ಲೇ ಜೋಡಿಸಿ ಕೊಡುತ್ತಿದೆ. 2024ರ ಮಸ್ಟ್ಯಾಂಗ್‌ನಲ್ಲಿ ಹಿಂಬದಿ ಜಾರಿಸಲೆಂದೇ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಬಂತು. ಟ್ರ್ಯಾಕಿನಲ್ಲಿ ಮಾತ್ರ ಬಳಸಿ ಎಂಬ ಎಚ್ಚರಿಕೆ ಜೊತೆಗಿದೆ. ಟ್ರ್ಯಾಕ್ ಎಲ್ಲಿದೆ ಎಂಬುದು ಕಂಪನಿಯ ಚಿಂತೆಯಲ್ಲ.

ಡಾಡ್ಜ್ ತಿರುಗಿ ನೋಡಿದ್ದೇಕೆ

ಈಗ ಮೊದಲ ಗೊಂದಲಕ್ಕೆ ಬರೋಣ. ಡಾಡ್ಜ್ ವಿ8 ಕೈಬಿಟ್ಟದ್ದು ಗ್ರಾಹಕರು ಬೇಡವೆಂದಿದ್ದಕ್ಕಲ್ಲ. ಸರಾಸರಿ ಇಂಧನ ಮಿತವ್ಯಯದ ಗುರಿ ತಲುಪದ ಕಂಪನಿಗಳು ಕೇಂದ್ರ ಸರ್ಕಾರಕ್ಕೆ ದಂಡ ತೆರಬೇಕಿತ್ತು, ದೊಡ್ಡ ಎಂಜಿನ್‌ಗಳನ್ನೇ ನೆಚ್ಚಿಕೊಂಡಿದ್ದ ಈ ಸಮೂಹ ಅದನ್ನು ದೊಡ್ಡ ಮೊತ್ತದಲ್ಲೇ ತೆತ್ತಿತ್ತು. ವಿದ್ಯುತ್ ಚಾರ್ಜರ್ ಆ ಲೆಕ್ಕ ಸರಿದೂಗಿಸುವ ದಾರಿಯಾಗಿತ್ತು. ಅಭಿಮಾನಿಗಳು ಮುನಿಸಿಕೊಳ್ಳಬಾರದೆಂದು ಅದಕ್ಕೆ ಕೃತಕ ಸೈಲೆನ್ಸರ್ ಸದ್ದನ್ನೂ ಜೋಡಿಸಿದರು. ಹೆಲ್‌ಕ್ಯಾಟ್‌ನಷ್ಟೇ ಗಟ್ಟಿ, 126 ಡೆಸಿಬೆಲ್ ಎಂದು ಹೇಳಿಕೊಂಡರು. ಸದ್ದೇ ಗುರುತಾಗಿಬಿಟ್ಟಿದ್ದ ಕಾಲದಲ್ಲಿ ಸದ್ದನ್ನು ಸ್ಪೀಕರಿನಿಂದ ಕೊಟ್ಟರೆ ಜನ ಒಪ್ಪುತ್ತಾರೆಂದು ಭಾವಿಸಿದ್ದು ದೊಡ್ಡ ತಪ್ಪು ಲೆಕ್ಕ. ಮಾರಾಟ ನಿರೀಕ್ಷೆಯಂತೆ ಆಗಲಿಲ್ಲ. 2024ರ ಡಿಸೆಂಬರಿನಲ್ಲಿ ಸಮೂಹದ ಮುಖ್ಯಸ್ಥ ಕಾರ್ಲೋಸ್ ಟವಾರೆಸ್ ರಾಜೀನಾಮೆ ಕೊಟ್ಟರು, ಹೆಲ್‌ಕ್ಯಾಟ್ ಯುಗದ ರೂವಾರಿ ಟಿಮ್ ಕುನಿಸ್ಕಿಸ್ ನಿವೃತ್ತಿಯಿಂದ ಮರಳಿ ರಾಮ್ ಹೊಣೆ ಹೊತ್ತರು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಆ ಇಂಧನ ದಂಡವನ್ನು ಸೊನ್ನೆಗಿಳಿಸಿತು, ವಿದ್ಯುತ್ ಕಾರು ಕೊಳ್ಳುವವರಿಗಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ಸೆಪ್ಟೆಂಬರಿಗೆ ಕೊನೆಗೊಂಡಿತು. ವಿ8 ಕೈಬಿಡಲು ಇದ್ದ ಆರ್ಥಿಕ ಒತ್ತಡವೇ ಹೋದಮೇಲೆ ಅದು ಮರಳದಿದ್ದರೆ ಅಚ್ಚರಿಯಾಗುತ್ತಿತ್ತು.

ಅಭಿಮಾನಿಗಳ ಒತ್ತಡ ಕಂಪನಿಯನ್ನು ತಿರುಗಿಸಿದ್ದು ಇದೇ ಮೊದಲಲ್ಲ. 1980ರ ದಶಕದಲ್ಲಿ ಮಾಜ್ದಾ ತಳಹದಿಯ, ಮುಂದಿನ ಚಕ್ರಗಳು ಎಳೆಯುವ ಕಾರಿಗೆ ಮಸ್ಟ್ಯಾಂಗ್ ಹೆಸರಿಡಲು ಹೊರಟಿದ್ದ ಫೋರ್ಡ್, ಪ್ರತಿಭಟನೆಯ ಪತ್ರಗಳು ರಾಶಿಬಿದ್ದ ಮೇಲೆ ಆ ಕಾರನ್ನು ಪ್ರೋಬ್ ಎಂಬ ಬೇರೆ ಹೆಸರಿನಲ್ಲಿ ಮಾರಿತು.

ಆದರೆ ಈ ಸಲ ವಿ8 ಎಲ್ಲಿಗೆ ಮರಳಿತು ನೋಡಿ: ಮೊದಲು ಪಿಕಪ್ ಟ್ರಕ್ಕಿಗೆ. ಕಾರಣ ಹಣವೇ. 2024ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಮಸ್ಟ್ಯಾಂಗ್‌ಗಳು ಸುಮಾರು 44,000. ಅದೇ ಫೋರ್ಡ್‌ನ ಎಫ್ ಸರಣಿಯ ಪಿಕಪ್‌ಗಳು 7 ಲಕ್ಷಕ್ಕೂ ಹೆಚ್ಚು. ಬ್ರ್ಯಾಂಡ್ ನಿಷ್ಠೆ ಎಂಬುದು ಇನ್ನೂ ಗಟ್ಟಿಯಾಗಿ ಉಳಿದಿದ್ದರೆ ಅದು ಅಲ್ಲಿ, ಏಕೆಂದರೆ ಅಲ್ಲಿ ಫೋರ್ಡ್, ಷೆವ್ರೊಲೆ, ರಾಮ್ ಮೂವರೂ ಇನ್ನೂ ಕಣದಲ್ಲಿದ್ದಾರೆ.

ಮುಂದೆ ಆಗಬಹುದಾದದ್ದು

ವಿ8 ಇರುವ ಎರಡು ಬಾಗಿಲಿನ ಅಗ್ಗದ ಮಸಲ್ ಕಾರು ಎಂಬ ಕಣದಲ್ಲಿ ಮಸ್ಟ್ಯಾಂಗ್ ಒಂಟಿಯಾಗಿ ಉಳಿದಿದೆ. ಕಮಾರೊ, ಚಾಲೆಂಜರ್ ಕೊಳ್ಳುತ್ತಿದ್ದವರು ಸಾಲುಗಟ್ಟಿ ಫೋರ್ಡಿನ ಕಡೆ ಬರಬೇಕಿತ್ತು. 2024ರ ಮಾರಾಟ ಅದರ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತೇ ಹೊರತು ಏರಲಿಲ್ಲ. ಫೋರ್ಡಿನವನನ್ನು ಸೋಲಿಸಲೆಂದೇ ಕಮಾರೊ ಕೊಂಡವನು ಕಮಾರೊ ನಿಂತಿತೆಂದು ಫೋರ್ಡ್ ಕೊಳ್ಳುವುದಿಲ್ಲ. ಹಳೆಯ ಕಮಾರೊ ಉಳಿಸಿಕೊಳ್ಳುತ್ತಾನೆ ಅಥವಾ ಷೆವ್ರೊಲೆ ಪಿಕಪ್ಪಿಗೆ ಹೋಗುತ್ತಾನೆ. ಕಾರು ನಿಂತಮೇಲೂ ನ್ಯಾಸ್ಕಾರ್ ಎಂಬ ಅಮೆರಿಕದ ಜನಪ್ರಿಯ ಕಾರು ರೇಸುಗಳಲ್ಲಿ ಷೆವ್ರೊಲೆ ಕಮಾರೊ ರೂಪದಲ್ಲೇ ಮಸ್ಟ್ಯಾಂಗ್ ಎದುರು ಓಡಿತು. ಶೋರೂಮಿನಲ್ಲಿ ಇಲ್ಲದ ಕಾರಿಗೆ ಟ್ರ್ಯಾಕಿನಲ್ಲಿ ಜೀವ ಕೊಟ್ಟಿರುವುದು ಜಿದ್ದನ್ನು ಕಳೆದುಕೊಳ್ಳಲು ಕಂಪನಿಗೆ ಇಷ್ಟವಿಲ್ಲ ಎಂಬುದಕ್ಕೆ ಸಾಕ್ಷಿ. ಒಂದು ದಶಕಕ್ಕೂ ಹೆಚ್ಚು ಕಾಲ ನ್ಯಾಸ್ಕಾರ್‌ನಿಂದ ದೂರವಿದ್ದ ರಾಮ್ 2026ರಿಂದ ಅದರ ಟ್ರಕ್ ಸರಣಿಗೆ ಮರಳುವ ತೀರ್ಮಾನ ಮಾಡಿದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು. ಜಿದ್ದು ಟ್ರಕ್ಕುಗಳ ಕಡೆಗೆ ಸರಿಯುತ್ತಿದೆ.

ಬೀದಿಯ ಮಟ್ಟಿಗೆ ಕಂಪನಿಗಳ ತೀರ್ಮಾನದ ಫಲ ತಕ್ಷಣ ಕಾಣಿಸುವುದಿಲ್ಲ. ಹೊಸ ಕಾರು ಯುವಕರ ಕೈಸೇರಲು ಎಂಟು ಹತ್ತು ವರ್ಷ ಬೇಕು, ಅಷ್ಟು ಹೊತ್ತಿಗೆ ಅದರ ಬೆಲೆ ಇಳಿದಿರುತ್ತದೆ, ಎರಡು ಮೂರು ಕೈ ಬದಲಾಗಿರುತ್ತದೆ. ಕ್ಯಾಲಿಫೋರ್ನಿಯಾ 2025ರಲ್ಲಿ ಜಾರಿಗೆ ತಂದ ನಿಯಮಗಳು ಹಿಡಿಯುತ್ತಿರುವುದು ಬಹುಮಟ್ಟಿಗೆ 2015ರ ಆಸುಪಾಸಿನಲ್ಲಿ ಮಾರಾಟವಾದ ಕಾರುಗಳನ್ನು. ಈಗ ಶೋರೂಮಿಗೆ ಬರುತ್ತಿರುವ ಆರು ಸಿಲಿಂಡರಿನ 550 ಅಶ್ವಶಕ್ತಿಯ ಚಾರ್ಜರ್ ಇಪ್ಪತ್ತರ ಹುಡುಗನೊಬ್ಬನ ಕೈಗೆ ನಿಲುಕುವ ಹೊತ್ತಿಗೆ 2035 ಹತ್ತಿರವಾಗಿರುತ್ತದೆ. ಆಗ ಅದನ್ನು ಓಡಿಸಲು ಟ್ರ್ಯಾಕ್ ಉಳಿದಿರುತ್ತದೆಯೋ ಇಲ್ಲವೋ ಎಂಬುದು ಈ ವರ್ಷಗಳಲ್ಲಿ ಊರಂಚಿನ ಭೂಮಿಯ ಬಗ್ಗೆ ಸ್ಥಳೀಯ ಆಡಳಿತಗಳು ಕೈಗೊಳ್ಳುವ ತೀರ್ಮಾನಗಳ ಮೇಲೆ ನಿಂತಿದೆ. ಆ ಸಭೆಗಳಿಗೆ ಕಾರು ಕಂಪನಿಗಳು ಹೋಗುವುದಿಲ್ಲ.